ಹೂವಿನ ಬಿಲ್ಲಿನಲ್ಲಿ ಕೈಕೆಲಸಕ್ಕೊಂದು ಸಾಲು

(ಮುಂಬಯಿಯ ಮಾಟುಂಗದಲ್ಲಿ ಕನ್ನಡ ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೂರು ವಾರಗಳ ಹಿಂದೆ ಡೊಂಬಿವಲಿಯಿಂದ ಒಬ್ಬ ತಾಯಿ ನನಗೆ ಫೋನ್ ಮಾಡಿದರು. ಅವರ ಮಗಳು ಬಿ.ಕಾಂ. ಮುಗಿಸಿದ್ದಾಳೆ. ಬ್ಯಾಂಕಿನ ಪರೀಕ್ಷೆಗೆ ಓದು ಎಂದರೆ ಕೇಳದೆ, ಹೂವಿನ ಅಲಂಕಾರ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳಂತೆ. "ನೀವು ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿ ಇದ್ದೀರಿ. ಒಂದೇ ಮಾತಿನಲ್ಲಿ ಹೇಳಿ, ತಿಂಗಳಿಗೆ ಎಷ್ಟು ಸಿಗುತ್ತದೆ?" ಎಂದು ಕೇಳಿದರು. ಆ ಹೊತ್ತಿನಲ್ಲಿ ನಾನೊಂದು ಮದುವೆ ಮಂಟಪದಲ್ಲಿ ಏಣಿ ಹಿಡಿದು ನಿಂತಿದ್ದೆ. ಆಮೇಲೆ ಮಾತನಾಡುತ್ತೇನೆ ಎಂದು ಫೋನ್ ಇಟ್ಟೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇವತ್ತಿನ ಈ ಮಾತು ಆ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರ. ಅವರು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ, ಮಗಳೂ ಬಂದಿದ್ದಾಳೆ.

ಈ ಮೇಜಿನ ಮೇಲೆ ಇರುವುದನ್ನು ನೋಡಿ. ಇದು ಮೊಗ್ಗಿನ ಜಡೆ. ಇಂದು ಬೆಳಿಗ್ಗೆ ನನ್ನ ಜೊತೆ ಕೆಲಸ ಮಾಡುವ ಇಬ್ಬರು ಹೆಂಗಸರು ಇದನ್ನು ಕಟ್ಟಿದರು. ಬಾಳೆಪಟ್ಟೆಯ ಮೇಲೆ ಒಂದೊಂದೇ ಮೊಗ್ಗನ್ನು ಸೂಜಿದಾರದಿಂದ ಕೂರಿಸಬೇಕು. ಮೊಗ್ಗು ಅರಳಿರಬಾರದು, ಹಾಗೆಂದು ತೀರಾ ಎಳೆಯದೂ ಆಗಿರಬಾರದು. ಸಂಜೆಯಾದರೆ ಮಲ್ಲಿಗೆ ತಾನಾಗಿಯೇ ಬಾಯಿ ಬಿಡುತ್ತದೆ, ಆದ್ದರಿಂದ ಮಧ್ಯಾಹ್ನದೊಳಗೆ ಕೆಲಸ ಮುಗಿಯಬೇಕು. ಇಬ್ಬರೂ ಮೂರೂವರೆ ಗಂಟೆ ಕುಳಿತರು, ಒಟ್ಟು ಏಳು ಗಂಟೆಯ ಕೆಲಸ. ಇವತ್ತು ದಾದರಿನ ಹೂವಿನ ಮಾರುಕಟ್ಟೆಯಲ್ಲಿ ನಾನು ಕೊಂಡ ಮೊಗ್ಗಿಗೆ ಕಿಲೋಗೆ 800 ರೂಪಾಯಿ. ಅರ್ಧ ಕಿಲೋ ಬೇಕಾಯಿತು, ಅದು 400. ಗುಲಾಬಿ, ಕನಕಾಂಬರ 120. ಬಾಳೆಪಟ್ಟೆ, ದಾರ, ಜರಿ 60. ಮಾರುಕಟ್ಟೆಯಿಂದ ತಂದ ಖರ್ಚು 100. ಅಲ್ಲಿಗೆ 680 ರೂಪಾಯಿ.

ನಮ್ಮ ಅಂಗಡಿಗಳಲ್ಲಿ ಹಳೆಯದೊಂದು ರೂಢಿ ಇದೆ. ಹೂವು, ಸಾಮಾನಿಗೆ ಎಷ್ಟು ಬಿತ್ತೋ ಅದರ ದುಪ್ಪಟ್ಟು ಹೇಳುವುದು. ಹಾಗೆ ಹೇಳಿದರೆ ಈ ಜಡೆಗೆ 1,360. ಅದರಲ್ಲಿ ಏಳು ಗಂಟೆಯ ಕೆಲಸಕ್ಕೆ ಉಳಿದದ್ದು 680, ಎಂದರೆ ಗಂಟೆಗೆ ನೂರು ರೂಪಾಯಿಯೂ ಇಲ್ಲ. ಅಂಗಡಿಯ ಬಾಡಿಗೆ, ವಿದ್ಯುತ್ತು, ಮಾರಾಟವಾಗದೆ ಬಾಡಿದ ಹೂವಿನ ನಷ್ಟ, ಎಲ್ಲವೂ ಅದರೊಳಗೇ ಹೋಗಬೇಕು. ಅದನ್ನೆಲ್ಲ ಕಳೆದ ಮೇಲೆ ಆ ಇಬ್ಬರ ಕೈಗೆ ಏನು ಬರುತ್ತದೆ ಎಂದು ನೀವೇ ಊಹಿಸಿ. ಮೊಗ್ಗು ಅಗ್ಗವಾದ ದಿನ ಇದೇ ಜಡೆಗೆ, ಇದೇ ಏಳು ಗಂಟೆಗೆ, ಇನ್ನೂ ಕಡಿಮೆ ಸಿಗುತ್ತದೆ. ಹೂವು ಸೋವಿಯಾದರೆ ಬೆರಳೂ ಸೋವಿ! ಇಷ್ಟು ವರ್ಷ ಈ ಲೆಕ್ಕವನ್ನು ನಾವು ಹೇಗೆ ಒಪ್ಪಿಕೊಂಡು ಬಂದೆವು ಎಂದು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಈ ಲೆಕ್ಕ ಎಲ್ಲಿಂದ ಬಂತು ಎಂಬುದು ನನಗೆ ಮನೆಯಿಂದಲೇ ಗೊತ್ತು. ನನ್ನ ತವರು ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. ಉಡುಪಿ ಮಲ್ಲಿಗೆ ಎಂದು ಭೌಗೋಳಿಕ ಗುರುತು (ಜಿಐ) ಪಡೆದದ್ದು ಅಲ್ಲಿಯ ಹೂವೇ. ನಮ್ಮಲ್ಲಿ ಅದನ್ನು ತೂಕ ಮಾಡುವುದಿಲ್ಲ, ಎಣಿಸುತ್ತಾರೆ. ಬಾಳೆನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಗಿಡದಿಂದ ಕೊಯ್ದ ಮೊಗ್ಗು ಜಗಲಿಗೆ ಬರುತ್ತದೆ. ಅಜ್ಜಿ, ಅಮ್ಮ, ಶಾಲೆಗೆ ಹೋಗುವ ಮೊದಲು ನಾವು, ಎಲ್ಲರೂ ಕುಳಿತು ಕಟ್ಟಬೇಕು. ಆ ಹೂವು ಅದೇ ದಿನ ಮಂಗಳೂರಿಗೆ, ಮುಂಬಯಿಗೆ ಹೊರಡುತ್ತದೆ. ಇವತ್ತು ಅಟ್ಟೆಗೆ ಎಷ್ಟು ಎಂಬ ದರ ದಿನವೂ ಊರಿಗೆಲ್ಲ ಗೊತ್ತಾಗುತ್ತದೆ. 3,200 ಹೂವನ್ನು ಗಂಟು ಹಾಕಿದ ಬೆರಳಿಗೆ ಎಷ್ಟು ಎಂಬುದು ಆ ದರದೊಳಗೇ ಎಲ್ಲೋ ಕರಗಿರುತ್ತದೆ, ಅದಕ್ಕೆ ಬೇರೆ ಅಂಕಣ ಇಲ್ಲ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಎಂಬ ಗಾದೆ ನಮಗೆಲ್ಲ ಗೊತ್ತು. ಆ ನಾರನ್ನು ಹೂವಿಗೆ ಕಟ್ಟಿದ ಕೈಯ ವಿಷಯವನ್ನು ಗಾದೆಯೂ ಹೇಳುವುದಿಲ್ಲ. ನನ್ನ ಅಮ್ಮನ ಎಡಗೈ ಹೆಬ್ಬೆರಳಿನಲ್ಲಿ ನಾರು ಉಜ್ಜಿ ಉಜ್ಜಿ ಒಂದು ಗೆರೆ ಬಿದ್ದಿತ್ತು. ಕೊನೆಯವರೆಗೂ ಅದು ಹೋಗಲಿಲ್ಲ.

ಮದುವೆಯಾಗಿ 1991ರಲ್ಲಿ ಮುಂಬಯಿಗೆ ಬಂದೆ. ಎರಡು ವರ್ಷದ ನಂತರ ಇಲ್ಲೇ ಮಾಟುಂಗದ ಒಂದು ಹೂವಿನ ಅಂಗಡಿಯಲ್ಲಿ ಕಟ್ಟುವ ಕೆಲಸಕ್ಕೆ ಸೇರಿದಾಗ ತಿಂಗಳಿಗೆ 700 ರೂಪಾಯಿ. ಅಲ್ಲಿಂದ ಮಂಟಪಕ್ಕೆ, ಮಂಟಪದಿಂದ ಹೋಟೆಲಿನ ಹೂದಾನಿಗಳಿಗೆ, ಆಮೇಲೆ ಸ್ವಂತ ಕೆಲಸಕ್ಕೆ. ಆ ಕಥೆಯೆಲ್ಲ ಇವತ್ತು ಬೇಡ. ಹಣದ ವಿಷಯ ಮಾತ್ರ ಹೇಳುತ್ತೇನೆ.

ಮೊದಲು ಆ ತಾಯಿ ಕೇಳಿದ ಸಂಖ್ಯೆ. ನನ್ನ ಪರಿಚಯದ ಮುಂಬಯಿ ಅಂಗಡಿಗಳಲ್ಲಿ ಹೊಸದಾಗಿ ಸೇರಿದವರಿಗೆ ತಿಂಗಳಿಗೆ ಹದಿನೈದು ಹದಿನೆಂಟು ಸಾವಿರ ಕೊಡುತ್ತಾರೆ. ನಾಲ್ಕೈದು ವರ್ಷ ಕೈ ಪಳಗಿದವರು ಇಪ್ಪತ್ತೈದರಿಂದ ಮೂವತ್ತೈದು ಸಾವಿರದವರೆಗೆ ಹೋಗುತ್ತಾರೆ. ಗಿರಾಕಿಯ ಎದುರು ಕುಳಿತು ಚಿತ್ರ ಬರೆದು, ಖರ್ಚಿನ ಅಂದಾಜು ಹಾಕಿ, ಕೆಲಸಗಾರರನ್ನು ನಡೆಸಬಲ್ಲವರಿಗೆ ಅದಕ್ಕಿಂತ ಹೆಚ್ಚು. ಹೊರದೇಶದಲ್ಲಿ ಇದಕ್ಕೆ ಬಹಳ ಗೌರವ, ಬಹಳ ಹಣ ಎಂದು ಹುಡುಗಿಯರು ಮೊಬೈಲಿನಲ್ಲಿ ನೋಡಿ ಹೇಳುತ್ತಾರೆ. ಅಮೆರಿಕದ ಸರಕಾರಿ ಲೆಕ್ಕದಲ್ಲಿ 2024ರಲ್ಲಿ ಹೂವಿನ ವಿನ್ಯಾಸಕಾರರ ವಾರ್ಷಿಕ ಸಂಬಳದ ನಡುಮಟ್ಟ (ಅರ್ಧ ಜನರಿಗೆ ಅದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ) ಸುಮಾರು 36,000 ಡಾಲರ್. ಅದೇ ವರ್ಷ ಅಲ್ಲಿನ ಎಲ್ಲ ಉದ್ಯೋಗಗಳ ನಡುಮಟ್ಟ 49,500. ಅಷ್ಟು ಸಿರಿವಂತ ದೇಶದಲ್ಲಿಯೂ ಹೂವಿನ ಕೈ ಸಾಲಿನ ಹಿಂದೆಯೇ ನಿಂತಿದೆ. ಆದ್ದರಿಂದ ಇದು ನಮ್ಮ ಊರಿನ ಬಡತನದ ಮಾತು ಮಾತ್ರ ಅಲ್ಲ. ಬಾಡಿ ಹೋಗುವ ವಸ್ತುವಿನ ಬೆಲೆಯೊಳಗೆ ಕೂಲಿಯನ್ನು ಬಚ್ಚಿಟ್ಟಿರುವ ಕಸುಬು ಎಲ್ಲಿದ್ದರೂ ಹೀಗೆಯೇ ಆಗುತ್ತದೆ.

ಈಗ ದಾದರಿಗೆ ಬನ್ನಿ. ಪಶ್ಚಿಮದ ಕಡೆ, ಸೇನಾಪತಿ ಬಾಪಟ್ ಮಾರ್ಗದ ಫೂಲ್ ಮಾರ್ಕೆಟ್ಟಿಗೆ ಬೆಳಗಿನ ನಾಲ್ಕು ಗಂಟೆಗೆ ಹೋಗಿ ನಿಂತರೆ ನಮ್ಮ ಆದಾಯದ ಅರ್ಧ ಕಥೆ ಅಲ್ಲೇ ತಿಳಿಯುತ್ತದೆ. ವಸಾಯಿಯ ಕಡೆಯಿಂದ ಸೋನ್‌ಚಾಫಾ ಎಂಬ ಸಂಪಿಗೆಯ ಬುಟ್ಟಿ ಹೊತ್ತವರು ಮೊದಲ ಲೋಕಲ್‌ಗಳಲ್ಲಿ ಇಳಿಯುತ್ತಾರೆ. ಪುಣೆ, ನಾಸಿಕದ ಕಡೆಯ ಚೆಂಡುಹೂವು, ಸೇವಂತಿಗೆ ಟೆಂಪೋಗಳಲ್ಲಿ ಬಂದಿರುತ್ತದೆ. ತಳೆಗಾಂವದ ಪಾಲಿಹೌಸಿನ ಗುಲಾಬಿ, ಜರ್ಬೆರಾ. ನಮ್ಮ ಬೆಂಗಳೂರಿನ ಗುಲಾಬಿ. ವಿಮಾನದಲ್ಲಿ ಬಂದ ಥಾಯ್ಲೆಂಡಿನ ಆರ್ಕಿಡ್. ಡಾಲರ್ ಏರಿದರೆ ಅದರ ಬೆಲೆಯೂ ಏರುತ್ತದೆ, ಆಮದು ಸುಂಕ ಬೇರೆ. ಗುಲಾಬಿ ಇಪ್ಪತ್ತರ ಜುಡಿ, ಎಂದರೆ ಕಟ್ಟು, ಜರ್ಬೆರಾ ಹತ್ತರ ಜುಡಿ, ಚೆಂಡುಹೂವು ಕಿಲೋ ಲೆಕ್ಕ. ನಾಲ್ಕೂವರೆಗೆ ಒಂದು ದರ, ಒಂಬತ್ತಕ್ಕೆ ಇನ್ನೊಂದು. ಹಬ್ಬದ ಹಿಂದಿನ ದಿನ ಏರಿದ ದರ ಹಬ್ಬದ ಮಧ್ಯಾಹ್ನ ನೆಲಕ್ಕೆ ಬೀಳುತ್ತದೆ. ದಸರೆಯ ಮುನ್ನ ಮರಾಠವಾಡದಲ್ಲೋ ಪುಣೆಯ ಕಡೆಯೋ ಮಳೆ ಹೊಡೆದರೆ ಒಣ ಚೆಂಡುಹೂವಿಗೆ ಚಿನ್ನದ ಬೆಲೆ, ನೆನೆದದ್ದನ್ನು ಕೇಳುವವರಿಲ್ಲ. ಚಳಿಗಾಲದಲ್ಲಿ ಮಲ್ಲಿಗೆ ಗಿಡ ಹೂ ಬಿಡುವುದು ಕಡಿಮೆ. ಮದುವೆಗಳು ಹೆಚ್ಚುವುದೂ ಅದೇ ಕಾಲದಲ್ಲಿ. ಫೆಬ್ರವರಿಯ ಮೊದಲ ವಾರಗಳಲ್ಲಿ ಪ್ರೇಮಿಗಳ ದಿನಕ್ಕಾಗಿ ಒಳ್ಳೆಯ ಗುಲಾಬಿ ಹೊರದೇಶಕ್ಕೆ ಹೊರಟುಬಿಡುತ್ತದೆ, ಇಲ್ಲಿ ಉಳಿದದ್ದಕ್ಕೆ ದುಬಾರಿ ದರ.

ಈ ಏರಿಳಿತ ಯಾರ ತಲೆಯ ಮೇಲೆ ಬೀಳುತ್ತದೆ? ನಿಮ್ಮಲ್ಲಿ ಕೆಲವರು ಈಗಾಗಲೇ ಮಂಟಪದ ಕೆಲಸ ಹಿಡಿಯುತ್ತಿದ್ದೀರಿ, ಈ ಲೆಕ್ಕವನ್ನು ಬರೆದುಕೊಳ್ಳಿ. ಗಿರಾಕಿಗೆ ಮೂರು ತಿಂಗಳ ಮೊದಲು ಒಂದು ಲಕ್ಷಕ್ಕೆ ಒಪ್ಪಿಕೊಂಡಿದ್ದೇವೆ ಎಂದುಕೊಳ್ಳೋಣ. ಹೂವಿಗೆ 42,000. ಚೌಕಟ್ಟು, ಬಟ್ಟೆ, ತಂತಿ, ಹೂವು ಚುಚ್ಚಿ ನಿಲ್ಲಿಸುವ ಸ್ಪಂಜು 13,000. ಟೆಂಪೋ ಹೋಗಿ ಬರಲು 7,000. ಹತ್ತು ಜನ ಕೆಲಸಗಾರರಿಗೆ ರಾತ್ರಿಗೆ 1,200ರಂತೆ 12,000. ಊಟ, ಚಹಾ 2,000. ಒಟ್ಟು 76,000, ಉಳಿದದ್ದು 24,000. ಒಳ್ಳೆಯ ಹಣ ಎನಿಸುತ್ತದೆ. ಆದರೆ ಆ ವಾರ ಹೂವಿನ ದರ ಮೂರನೆಯ ಒಂದು ಪಾಲಿನಷ್ಟು ಏರಿತು ಎನ್ನಿ. 42,000 ಹೋಗಿ 56,000 ಆಗುತ್ತದೆ, ನಮ್ಮ 24,000 ಕರಗಿ 10,000 ಆಗುತ್ತದೆ. ಗಿರಾಕಿ ಹೆಚ್ಚು ಕೊಡುವುದಿಲ್ಲ, ರೈತನಿಗೂ ಅದರಲ್ಲಿ ಎಷ್ಟು ತಲುಪುತ್ತದೋ ದೇವರಿಗೇ ಗೊತ್ತು, ಕೆಲಸಗಾರನ ಕೂಲಿ ಮೊದಲೇ ನಿಗದಿಯಾಗಿದೆ. ಮೂರು ಸಲ ಗಿರಾಕಿಯ ಮನೆಗೆ ಹೋಗಿ ಚಿತ್ರ ಬರೆದದ್ದು, ಎರಡು ಬೆಳಗು ಮಾರುಕಟ್ಟೆಯಲ್ಲಿ ನಿಂತದ್ದು, ಒಂದು ರಾತ್ರಿ ಕಟ್ಟಿದ್ದು, ಮರುದಿನ ಬಿಚ್ಚಿದ್ದು, ಈ ಐದಾರು ದಿನಕ್ಕೆ ಹತ್ತು ಸಾವಿರ.

ಕಲಿಯಲು ನನಗೆ ಹದಿನೈದು ವರ್ಷ ಹಿಡಿದ ಪಾಠ ಇದು. ಈಗ ನನ್ನ ಒಪ್ಪಂದದಲ್ಲಿ ಹೂವು ಬೇರೆ ಸಾಲು, ಕೈಕೆಲಸ ಬೇರೆ ಸಾಲು, ವಿನ್ಯಾಸ ಬೇರೆ ಸಾಲು. ಹೂವಿನ ದರ ಹೇಳಿದ್ದಕ್ಕಿಂತ ಹೆಚ್ಚಾದರೆ ಎರಡರಲ್ಲಿ ಒಂದು: ಹೆಚ್ಚುವರಿ ಹಣ ಗಿರಾಕಿಯದು, ಇಲ್ಲವೇ ಅದೇ ಬಣ್ಣದ ಬೇರೆ ಹೂವು ಹಾಕುವ ಸ್ವಾತಂತ್ರ್ಯ ನನ್ನದು. ಅರ್ಧ ಹಣ ದಿನಾಂಕ ಗೊತ್ತು ಮಾಡಿದಾಗ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಹೂವು ಕೊಳ್ಳುವ ಮೊದಲು. ಮೊದಲ ವರ್ಷ ನಾಲ್ಕು ಗಿರಾಕಿಗಳು ಎದ್ದು ಹೋದರು. ನಮ್ಮವರೇ, ನಮ್ಮ ಜಿಲ್ಲೆಯವರೇ, "ಹೂವು ಕಟ್ಟುವುದಕ್ಕೂ ಇಷ್ಟೆಲ್ಲ ಕಾಗದವೇ?" ಎಂದರು. ಐದನೆಯವರು ಓದಿ ಸಹಿ ಹಾಕಿದರು. ಆ ಮದುವೆಯಲ್ಲಿ ನಾನು ಮೊದಲ ಬಾರಿಗೆ ಹೂವಿನ ದರದ ಭಯವಿಲ್ಲದೆ ಕೆಲಸ ಮಾಡಿದೆ. ಆ ಮಂಟಪ ಚೆನ್ನಾಗಿಯೂ ಬಂತು. ಭಯವಿದ್ದಾಗ ನಾವು ಹೂವನ್ನು ಜಿಪುಣತನದಿಂದ ಹಚ್ಚುತ್ತೇವೆ, ಅದು ಕಣ್ಣಿಗೆ ಕಾಣುತ್ತದೆ.

ತೆರಿಗೆಯ ಕಾನೂನು ಕೂಡ ಹೂವನ್ನೂ ಕೆಲಸವನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ತಾಜಾ ಬಿಡಿ ಹೂವಿನ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಅಲಂಕಾರ ಎಂಬ ಸೇವೆಗೆ ಶೇ 18. ಸೇವೆ ಕೊಡುವವರ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಮಾಡಿಸಬೇಕು. ಬಿಲ್ಲನ್ನು ಹೇಗೆ ಬರೆಯಬೇಕೆಂದು ಒಬ್ಬ ಲೆಕ್ಕಪರಿಶೋಧಕರನ್ನು ಕೇಳಿಯೇ ಮಾಡಿ, ಅದಕ್ಕೆ ಕೊಡುವ ಶುಲ್ಕ ವ್ಯರ್ಥವಲ್ಲ. ಸರಕಾರಕ್ಕೆ ಕಂಡ ಕೈಕೆಲಸ ನಮ್ಮ ಕಣ್ಣಿಗೆ ಕಾಣದಿದ್ದರೆ ಹೇಗೆ?

ಇನ್ನು ಪಂಚಾಂಗ. ಹನ್ನೆರಡು ತಿಂಗಳ ಸಂಬಳ ಎಂಬ ಕಲ್ಪನೆಯನ್ನು ಈ ಕಸುಬಿನಲ್ಲಿ ಬಿಟ್ಟುಬಿಡಬೇಕು. ಆಷಾಢ ಏಕಾದಶಿಯಿಂದ ತುಳಸಿ ಮದುವೆಯವರೆಗೆ ಚಾತುರ್ಮಾಸ, ಇಲ್ಲಿ ಹೆಚ್ಚಿನ ಮನೆಗಳಲ್ಲಿ ಮದುವೆಗಳಿಲ್ಲ. ಆ ನಡುವೆ ಗಣಪತಿ, ನವರಾತ್ರಿ, ದೀಪಾವಳಿ ಕೈ ಹಿಡಿಯುತ್ತವೆ. ಪಿತೃಪಕ್ಷದ ಹದಿನೈದು ದಿನ ಮಾರುಕಟ್ಟೆ ಮಂಕಾಗುತ್ತದೆ. ಮಾರ್ಗಶಿರದ ಗುರುವಾರಗಳಲ್ಲಿ ಮರಾಠಿ ಮನೆಗಳ ಮಹಾಲಕ್ಷ್ಮಿ ವ್ರತಕ್ಕೆ ಮುಡಿಯುವ ಮಾಲೆಗಳು, ಎಂದರೆ ವೇಣಿ, ಗಜರಾ, ಚೆನ್ನಾಗಿ ಹೋಗುತ್ತವೆ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಗೊತ್ತಿಲ್ಲದೆ ಹೊಡೆತ ಕೊಡುವುದು ಬೇರೆಯದು. 2024ರ ಮೇ, ಜೂನ್ ತಿಂಗಳುಗಳಲ್ಲಿ ಗುರು, ಶುಕ್ರ ಗ್ರಹಗಳು ಸೂರ್ಯನ ಹತ್ತಿರ ಬಂದು ಕಾಣದೆ ಅಸ್ತವಾಗಿದ್ದರಿಂದ ಮುಹೂರ್ತಗಳೇ ಇರಲಿಲ್ಲ ಎನ್ನಬಹುದು. ಬೇಸಿಗೆಯ ಮದುವೆಗಳನ್ನು ನಂಬಿ ಸಾಲ ಮಾಡಿ ಚೌಕಟ್ಟು ಮಾಡಿಸಿದ್ದ ಒಬ್ಬ ಹುಡುಗ ನನ್ನ ಮುಂದೆ ಅತ್ತಿದ್ದಾನೆ. 2023ರಲ್ಲಿ ಅಧಿಕಮಾಸ ಶ್ರಾವಣಕ್ಕೆ ಬಂತು, ಹೇಗೂ ಮದುವೆಯಿಲ್ಲದ ಕಾಲ. ಗಣೇಶ ಚತುರ್ಥಿ ಸೆಪ್ಟೆಂಬರ್ 19ಕ್ಕೆ ಹೋದದ್ದು ಬಿಟ್ಟರೆ ನಮಗೆ ನಷ್ಟವಾಗಲಿಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ. ಮೇ 17ರಿಂದ ಜೂನ್ 15ರವರೆಗೆ, ಬೇಸಿಗೆಯ ಮದುವೆ ಕಾಲದ ಎದೆಗೇ ಅದು ಬಿದ್ದಿದೆ. ನಮ್ಮ ಅಜ್ಜಿಯಂದಿರಿಗೆ ಪಂಚಾಂಗ ಓದಲು ಬರುತ್ತಿತ್ತು. ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಅದು ಬ್ಯಾಂಕಿನ ಪುಸ್ತಕದಷ್ಟೇ ಮುಖ್ಯ. ಮುಂದಿನ ಎರಡು ವರ್ಷದ ಮುಹೂರ್ತಗಳನ್ನು ನೋಡಿಯೇ ನಾನು ಸಾಲದ ಕಂತು ಒಪ್ಪಿಕೊಳ್ಳುವುದು.

ಹೋಟೆಲುಗಳ, ಕಚೇರಿಗಳ ವಾರದ ಗುತ್ತಿಗೆ ಈ ಕಾರಣಕ್ಕೇ ಬೆಲೆಯುಳ್ಳದ್ದು. ಲಾಭ ಕಡಿಮೆ, ಆದರೆ ಆಷಾಢದಲ್ಲಿಯೂ ಬರುತ್ತದೆ. ಟಿವಿ ಧಾರಾವಾಹಿಯ ಸೆಟ್‌ಗಳ ಕೆಲಸವೂ ಅಂಥದೇ, ಅಲ್ಲಿ ಮದುವೆಗೆ ಮುಹೂರ್ತ ಬೇಕಿಲ್ಲ.

ಈಗ ನನಗೆ ನೋವು ಕೊಟ್ಟ ಒಂದು ಸಂಗತಿ ಹೇಳಬೇಕು. 2019ರ ಕೊನೆಯಲ್ಲಿ ದೊಡ್ಡದೊಂದು ಮದುವೆಯ ಹೂವಿನ ಕೆಲಸವನ್ನು ಸಮಾರಂಭ ನಡೆಸಿಕೊಡುವ ಒಂದು ಕಂಪನಿಯ ಮೂಲಕ ಮಾಡಿದೆ. ಹೆಸರು ಹೇಳುವುದಿಲ್ಲ. ಮುಂಗಡ ಸ್ವಲ್ಪ ಬಂತು, ಉಳಿದದ್ದು 1,85,000. "ಗಿರಾಕಿ ಕೊಟ್ಟ ಕೂಡಲೇ ಕೊಡುತ್ತೇವೆ" ಎಂದರು. ಜನವರಿ ಹೋಯಿತು, ಫೆಬ್ರವರಿ ಹೋಯಿತು. ಮಾರ್ಚ್ 25ರಿಂದ ಲಾಕ್‌ಡೌನ್. ದಾದರಿನ ಹೂವಿನವರಿಗೆ, ಹದಿನಾಲ್ಕು ಕೆಲಸಗಾರರಿಗೆ ನಾನು ಕೊಡಬೇಕಾದದ್ದು ಇತ್ತು. ಆ ಹುಡುಗರಲ್ಲಿ ಹೆಚ್ಚಿನವರು ಬಂಗಾಳದ ಮೇದಿನಿಪುರದ ಕಡೆಯವರು, ಊರಿಗೆ ಹೋಗುವುದಕ್ಕೂ ಅವರ ಬಳಿ ಹಣವಿರಲಿಲ್ಲ. ಬಳೆ ಅಡವಿಟ್ಟು ಅವರ ಕೂಲಿ ಕೊಟ್ಟೆ. ಆ 1,85,000ದಲ್ಲಿ ನನಗೆ ಬಂದದ್ದು ಬಹಳ ತಡವಾಗಿ, ಮೂರನೆಯ ಒಂದು ಪಾಲು ಮಾತ್ರ.

ಆಮೇಲೆ ತಿಳಿದುಕೊಂಡೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಒಪ್ಪಂದ ಏನೇ ಇರಲಿ, 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ದೂರು ಕೊಡಲು ಮಂಡಳಿ ಇದೆ, ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಆದರೆ ಕೆಲಸ ಮಾಡುವ ಹೊತ್ತಿಗೆ ನನ್ನ ನೋಂದಣಿ ಇರಲಿಲ್ಲ. 2020ರ ಜುಲೈಯಿಂದ ಸಣ್ಣ ಉದ್ಯಮಗಳಿಗೆ ಉದ್ಯಮ್ ಎಂಬ ಸರಕಾರಿ ನೋಂದಣಿ ಬಂದಿದೆ. ಅದಕ್ಕೆ ಶುಲ್ಕವಿಲ್ಲ, ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಆಗುತ್ತದೆ. ದಯವಿಟ್ಟು, ಒಂದು ಮಂಟಪದ ಕೆಲಸ ಹಿಡಿಯುವ ಮೊದಲೇ ಅದನ್ನು ಮಾಡಿಸಿ. ನಾನೀಗ ಬಿಲ್ಲಿನ ಕೆಳಗೆ ಆ ನೋಂದಣಿ ಸಂಖ್ಯೆಯನ್ನೂ 45 ದಿನದ ಮಾತನ್ನೂ ಅಚ್ಚು ಹಾಕಿಸಿದ್ದೇನೆ. ಕಂಪನಿಗಳು ಮೊದಲು ಆ ಸಾಲನ್ನೇ ಓದುತ್ತವೆ.

ಇನ್ನು ಯಾವ ವಿದ್ಯೆ ಸಂಬಳ ಏರಿಸುತ್ತದೆ ಎಂಬುದು. ಕೋರ್ಸಿನ ಪ್ರಮಾಣಪತ್ರ ಬಾಗಿಲು ತೆರೆಸುತ್ತದೆ, ಅಷ್ಟೇ. ಹಣ ಕೊಡುವವನು ನೋಡುವುದು ಹೂವು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು. ಗುಲಾಬಿಯನ್ನು 2ರಿಂದ 4 ಡಿಗ್ರಿಯಲ್ಲಿ ಇಡಬಹುದು. ಅದೇ ತಂಪಿನಲ್ಲಿ ಆಂಥೂರಿಯಂ, ಆರ್ಕಿಡ್ ಇಟ್ಟರೆ ಕಪ್ಪಾಗುತ್ತವೆ, ಅವು ಬಿಸಿನಾಡಿನ ಹೂಗಳು. ಇದನ್ನು ತಿಳಿದ ಹುಡುಗಿ ಒಂದೇ ರಾತ್ರಿಯಲ್ಲಿ ಮಾಲೀಕನ ಮೂವತ್ತು ಸಾವಿರದ ಮಾಲು ಉಳಿಸುತ್ತಾಳೆ, ಆಮೇಲೆ ಅವಳು ಸಂಬಳ ಕೇಳುವ ದನಿಯೇ ಬೇರೆಯಾಗುತ್ತದೆ. ದಂಟನ್ನು ಓರೆಯಾಗಿ ಕತ್ತರಿಸುವುದು, ನೀರಿಗೆ ಮುಟ್ಟುವ ಎಲೆ ತೆಗೆಯುವುದು, ಕಟ್ಟುವ ಮೊದಲು ಕೆಲವು ಗಂಟೆ ಹೂವಿಗೆ ನೀರು ಕುಡಿಯಲು ಬಿಡುವುದು, ಇವೆಲ್ಲ ಚಿಕ್ಕ ವಿಷಯಗಳಂತೆ ಕಾಣುತ್ತವೆ. ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ಬಯಲು ಮಂಟಪ ಕಟ್ಟಿದವರಿಗೆ ಅವು ಚಿಕ್ಕವಲ್ಲ ಎಂದು ಗೊತ್ತು.

ಹಸಿರು ಸ್ಪಂಜಿನ ವಿಷಯವೂ ಇದೆ. 1954ರಲ್ಲಿ ಅಮೆರಿಕದಲ್ಲಿ ಸ್ಮಿದರ್ಸ್ ಎಂಬವರು ಮಾರುಕಟ್ಟೆಗೆ ತಂದ ಆ ಇಟ್ಟಿಗೆ ನಮ್ಮ ಕೆಲಸವನ್ನು ಬಹಳ ಸುಲಭ ಮಾಡಿತು. ಆದರೆ ಅದು ಪ್ಲಾಸ್ಟಿಕ್. ಪುಡಿಯಾಗಿ ಚರಂಡಿಗೆ ಹೋದರೆ ಮಣ್ಣಾಗುವುದಿಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ. ಸ್ಪಂಜು ಬೇಡ ಎನ್ನುವ ಗಿರಾಕಿಗಳು ಇಲ್ಲಿಯೂ ಬರುತ್ತಿದ್ದಾರೆ. ತಂತಿಬಲೆ, ದಂಟು ಚುಚ್ಚಿ ನಿಲ್ಲಿಸುವ ಮುಳ್ಳುಪೀಠ, ಬಿದಿರು, ಬಾಳೆದಿಂಡಿನಲ್ಲಿ ಕೂರಿಸುವ ವಿದ್ಯೆ ಬಲ್ಲವರಿಗೆ ಬೇಡಿಕೆ ಇದೆ. ನಮ್ಮ ಊರಿನವರಿಗೆ ಬಾಳೆದಿಂಡು ಹೊಸದೇ? ಆದರೆ ಆ ಕೆಲಸಕ್ಕೆ ಹೊತ್ತು ಹೆಚ್ಚು ಬೇಕು. ಗಂಟೆಯ ಲೆಕ್ಕದಲ್ಲಿ ಕೂಲಿ ಬರೆಯದಿದ್ದರೆ ಒಳ್ಳೆಯ ಕೆಲಸ ಮಾಡಿದ್ದಕ್ಕೇ ನಾವು ದಂಡ ತೆತ್ತಂತೆ ಆಗುತ್ತದೆ.

ಕೊನೆಯದಾಗಿ, ನನ್ನನ್ನು ಹೆಚ್ಚು ಕಾಡುವ ಮಾತು. ಒಂದೇ ಮಂಟಪದಲ್ಲಿ ಏಣಿ ಹತ್ತಿ ತೋರಣ ಕಟ್ಟುವ ಗಂಡಸಿಗೆ ರಾತ್ರಿಯ ಲೆಕ್ಕದಲ್ಲಿ ಕೂಲಿ. ಆ ತೋರಣದ ಮಾಲೆಗಳನ್ನು ಚಾಳಿನ ಕೋಣೆಯಲ್ಲಿ ಕುಳಿತು ಪೋಣಿಸಿದ ಹೆಂಗಸಿಗೆ ಮಾಲೆಯ ಲೆಕ್ಕದಲ್ಲಿ ಕಾಸು. ಅವನದು ಕೆಲಸ, ಅವಳದು ಬಿಡುವಿನ ವೇಳೆಯ ಸಹಾಯ ಎಂದು ನಾವು ಕರೆಯುತ್ತೇವೆ. ಯಾವ ಬಿಡುವು? ಮಧ್ಯಾಹ್ನ ಎರಡಕ್ಕೆ ಚೀಲ ತಂದು ಹಾಕುತ್ತಾರೆ, ರಾತ್ರಿ ಹತ್ತಕ್ಕೆ ಒಯ್ಯಲು ಬರುತ್ತಾರೆ. ಆ ನಡುವೆ ಅವಳು ಅಡುಗೆ ಮಾಡಿ, ಮಕ್ಕಳಿಗೆ ಬಡಿಸಿ, ಬೆನ್ನು ಬಗ್ಗಿಸಿ ನೂರು ಮಾಲೆ ಮುಗಿಸಿರುತ್ತಾಳೆ. ರಾತ್ರಿ ಕೆಲಸಕ್ಕೆ ಹೆಣ್ಣು ಬರುವುದಿಲ್ಲ ಎಂಬುದೇ ಅವಳ ಕೂಲಿ ಕಡಿಮೆ ಇಡಲು ನೆಪ. ನಾನು ಎಂಟು ವರ್ಷಗಳಿಂದ ರಾತ್ರಿಯ ಕೆಲಸಕ್ಕೆ ಹೆಂಗಸರನ್ನು ಕರೆದೊಯ್ಯುತ್ತಿದ್ದೇನೆ. ಮನೆಯಿಂದ ಮನೆಗೆ ವಾಹನ, ಮಂಟಪದಲ್ಲಿ ಬೀಗವಿರುವ ಶೌಚಾಲಯ, ಗಂಡಸರಿಗೆ ಕೊಡುವಷ್ಟೇ ಕೂಲಿ, 1,200. ಇದಿಷ್ಟನ್ನೇ ಒಪ್ಪಂದದಲ್ಲಿ ಬರೆಸಲು ಎಷ್ಟು ಜಗಳವಾಡಿದ್ದೇನೆ ಎಂಬುದು ನನಗೆ ಗೊತ್ತು. ಆ ಶೌಚಾಲಯದ ಸಾಲಿಗಾಗಿ ಒಂದು ಕೆಲಸ ಬಿಟ್ಟಿದ್ದೇನೆ, ಅದಕ್ಕೆ ಪಶ್ಚಾತ್ತಾಪವಿಲ್ಲ.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ. ಸ್ವಂತ ಅಂಗಡಿ ಒಳ್ಳೆಯದೋ, ಸಂಬಳವೋ ಎಂದು ಒಬ್ಬರು ಕೇಳಿದರು. ಅಂಗಡಿಯೆಂದರೆ ಪ್ರತಿ ಸಂಜೆ ಬಾಡಿದ ಹೂವು ನಿಮ್ಮದು. ಆರ್ಡರ್ ಹಿಡಿದು ಕೆಲಸ ಮಾಡುವವರು ಬೇಕಾದಷ್ಟೇ ಕೊಳ್ಳುತ್ತಾರೆ, ಬಾಡುವ ಭಾರ ಅವರ ಮೇಲೆ ಕಡಿಮೆ. ಬಾಡಿಗೆ ಏರಿರುವ ಮುಂಬಯಿಯಲ್ಲಿ ನಾನು ಅಂಗಡಿ ಇಡಲಿಲ್ಲ, ಸಯನ್ನಿನ ಒಂದು ಕೋಣೆಯಿಂದಲೇ ನಡೆಸುತ್ತಿದ್ದೇನೆ. ಇನ್ನೊಬ್ಬರು, ಕನ್ನಡದವರ ಮನೆಯ ಕೆಲಸಕ್ಕೆ ಕಡಿಮೆ ತೆಗೆದುಕೊಳ್ಳಬೇಡವೇ ಎಂದರು. ಬಡವರ ಮದುವೆಗೆ ನಾನು ಹೂವನ್ನು ಕೊಂಡ ದರಕ್ಕೇ ಕೊಟ್ಟಿದ್ದೇನೆ, ನನ್ನ ವಿನ್ಯಾಸದ ಸಾಲಿನಲ್ಲಿ ಸೊನ್ನೆ ಬರೆದಿದ್ದೇನೆ. ಕಟ್ಟುವ ಹೆಂಗಸರ ಸಾಲಿಗೆ ಕೈ ಹಾಕಿಲ್ಲ. ಅದು ನಾನು ದಾನ ಮಾಡಬಹುದಾದ ಹಣವಲ್ಲ.

ಮೇಜಿನ ಮೇಲಿದ್ದ ಜಡೆಯನ್ನು ಸೊಸೆಯ ಸೀಮಂತಕ್ಕೆ ಒಬ್ಬ ಹಿರಿಯರು ಕೇಳಿದರು. ಅಲ್ಲಿಯೇ ಬಿಲ್ಲು ಬರೆದೆ: ಹೂವು, ಸಾಮಾನು 680. ಕೈಕೆಲಸ, ಏಳು ಗಂಟೆ, 1,400. ಬಾಡುವ, ಕೆಡುವ ಲೆಕ್ಕಕ್ಕೆ 220. ಒಟ್ಟು 2,300. ಅವರು ಕನ್ನಡಕ ಹಾಕಿಕೊಂಡು ಎರಡನೆಯ ಸಾಲನ್ನು ಎರಡು ಸಲ ಓದಿದರು, ಕಟ್ಟಿದವರು ಯಾರು ಎಂದು ಕೇಳಿದರು, ಚೌಕಾಸಿ ಮಾಡದೆ ಹಣ ಕೊಟ್ಟರು.

ಡೊಂಬಿವಲಿಯ ಆ ತಾಯಿ ಬಾಗಿಲ ಬಳಿ ಕಾಯುತ್ತಿದ್ದರು. ಸೋಮವಾರ ಬೆಳಗಿನ ಮೊದಲ ಲೋಕಲ್ ಹಿಡಿಸಿ ಮಗಳನ್ನು ದಾದರಿಗೆ ಕರೆತನ್ನಿ, ನಾನು ಅಲ್ಲಿರುತ್ತೇನೆ, ಮೊದಲ ತಿಂಗಳು ದಿನಕ್ಕೆ 600 ಕೊಡುತ್ತೇನೆ, ಜೊತೆಗೆ ರೈಲಿನ ಪಾಸು ಎಂದೆ. ಮಗಳು ಚೀಲದಿಂದ ಪುಸ್ತಕ ತೆಗೆದು, ನನ್ನ ಮುಂದೆಯೇ ಅದನ್ನು ಬರೆದುಕೊಂಡಳು.